ಬೆಲೆ ಇಳಿದ ಮೇಲೆ ದುಬಾರಿಯಾದ ಬಣ್ಣದ ಕಂಪನಿ

ನನ್ನ ಸೋದರಮಾವ ಮೊಳಕಾಲ್ಮೂರಿನಲ್ಲಿ ರೇಷ್ಮೆ ನೂಲಿಗೆ ಬಣ್ಣ ಹಾಕುವವರು. ಚಳ್ಳಕೆರೆಗೆ ಬಂದಾಗಲೆಲ್ಲ ಬಸ್ ಸ್ಟ್ಯಾಂಡಿನಿಂದ ನೇರ ನನ್ನ ಲ್ಯಾಬಿಗೆ ಬರುತ್ತಾರೆ. ರಕ್ತ, ಮೂತ್ರ ಪರೀಕ್ಷೆ ಮಾಡುವ ಸಣ್ಣ ಲ್ಯಾಬು. ಮುಂದೊಂದು ಕೋಣೆ, ಹಿಂದೊಂದು ಕೋಣೆ, ಅಷ್ಟೇ. ಮಾವ ಮುಂದಿನ ಕೋಣೆಯ ಬೆಂಚಿನ ಮೇಲೆ ಕೂತರೆ ಕಾಯುತ್ತಿರುವವರೆಲ್ಲ ಮೊದಲು ಅವರ ಕೈ ನೋಡುತ್ತಾರೆ. ಉಗುರಿನ ಸಂದಿಯಲ್ಲಿ ಒಂದು ವಾರ ಹಸಿರು, ಇನ್ನೊಂದು ವಾರ ನೇರಳೆ. ಒಬ್ಬ ಅಜ್ಜಿಯಂತೂ "ಯಾವ ಕಾಯಿಲೆನಪ್ಪಾ ಇದು, ಪಾಪ" ಎಂದು ಮರುಗಿದ್ದಳು.

ಅವತ್ತು ಮಾವ ಬೆಂಚಿನ ಮೇಲೆ ಕೂರಲಿಲ್ಲ. ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದು, "ಅಮ್ಮಾಯಿ, ಈ ಆ್ಯಪ್ ಕೆಟ್ಟೈತೆ. ನೋಡು ಒಂಚೂರು" ಎಂದರು. ನಮ್ಮವ್ವನ ತವರಿನಲ್ಲಿ ಎಲ್ಲರೂ ಮನೆಯೊಳಗೆ ತೆಲುಗು ಮಾತಾಡುವವರು. ನನಗೆ ಮದುವೆಯಾಗಿ ಮಗಳು ಕಾಲೇಜಿಗೆ ಹೋಗುತ್ತಿದ್ದರೂ ಮಾವನಿಗೆ ನಾನಿನ್ನೂ ಅಮ್ಮಾಯಿ, ಅಂದರೆ ಹುಡುಗಿಯೇ.

"ಏನಾಗೈತೆ ಮಾವಾ?"

"ನನ್ನ ಬಣ್ಣದ ಕಂಪನಿ ಐತಲ್ಲ, ಅದರ ಷೇರಿನ ಬೆಲೆ ಹೋದ ವರ್ಷಕ್ಕಿಂತ ಇಳಿದೈತೆ. ಆದ್ರೆ ಇದರಾಗೆ ಪಿ.ಇ. ಅಂತ ಒಂದು ನಂಬರ್ ಬರುತ್ತೆ ನೋಡು, ಅದು ಹತ್ತು ಇದ್ದಿದ್ದು ನಲವತ್ತು ಆಗೈತೆ. ಪಿ.ಇ. ಜಾಸ್ತಿ ಇದ್ರೆ ಷೇರು ದುಬಾರಿ ಅಂತಾರೆ. ಇಳಿದಿದ್ದು ಹೆಂಗೆ ದುಬಾರಿ ಆಗುತ್ತೆ? ಶೇಂಗಾ ರೇಟು ಇಳಿದ್ರೆ ಶೇಂಗಾ ಅಗ್ಗ ಆಯ್ತು ಅಂತೀವಾ, ದುಬಾರಿ ಆಯ್ತು ಅಂತೀವಾ?"

ಪಿ.ಇ. ಎಂಬ ಎರಡಕ್ಷರವನ್ನು ಟಿ.ವಿ.ಯಲ್ಲಿ ಕೇಳಿದ್ದೆ ಬಿಟ್ಟರೆ ಅದರ ಗೊಡವೆಗೆ ಹೋದವಳಲ್ಲ. ಸಂಜೆ ನೋಡಿ ಹೇಳುತ್ತೇನೆ ಎಂದೆ. ಮಾವ ಮಂಡಕ್ಕಿ ಮೆಣಸಿನಕಾಯಿ ತಿಂದು, ಚಹಾ ಕುಡಿದು, ಆ್ಯಪನ್ನು ಬೈಯುತ್ತಲೇ ಬಸ್ಸು ಹತ್ತಿದರು.

ಆ ಕಂಪನಿಯ ಬಗ್ಗೆ ಸ್ವಲ್ಪ ಹೇಳಬೇಕು. ದೂರದ ಬಂದರು ನಗರವೊಂದರಲ್ಲಿ ಅದರ ಕಾರ್ಖಾನೆ. ಮಾವ ಬಣ್ಣದ ಕೆಲಸ ಕಲಿತ ದಿನದಿಂದಲೂ ಅವರ ಕೈಗೆ ಬಂದಿದ್ದು ಆ ಕಂಪನಿಯ ಡಬ್ಬಿಗಳೇ. ಮೊಳಕಾಲ್ಮೂರಿನ ಸೀರೆಯಲ್ಲಿ ಒಡಲೊಂದು ಬಣ್ಣ, ಅಂಚೊಂದು ಬಣ್ಣ. ಒಂದರ ಬಣ್ಣ ಬಿಟ್ಟು ಇನ್ನೊಂದಕ್ಕೆ ಹತ್ತಿದರೆ ನೇಯ್ದವರ ಇಡೀ ಶ್ರಮ ಹಾಳು. "ಇವರ ಮೆರೂನ್ ಕುದಿಯೋ ನೀರಾಗೆ ಅದ್ದಿದ್ರೂ ಬಿಡಲ್ಲ" ಎನ್ನುವುದು ಮಾವನ ಹೆಮ್ಮೆ. ಬ್ಯಾಂಕಿನಲ್ಲಿ ಷೇರಿನ ಖಾತೆ ತೆರೆದುಕೊಟ್ಟಾಗ ಅವರು ಕೊಂಡದ್ದು ಅದೊಂದನ್ನೇ. ಹೋದ ವರ್ಷ ಅದರ ಪಿ.ಇ. ಹತ್ತಕ್ಕೆ ಇಳಿದದ್ದು ಕಂಡಿತು. ಪಿ.ಇ. ಕಡಿಮೆಯಿದ್ದರೆ ಅಗ್ಗ ಎಂದು ಯಾರೋ ವಿಡಿಯೋದಲ್ಲಿ ಹೇಳಿದ್ದನ್ನು ಕೇಳಿ ಇನ್ನಷ್ಟು ಕೊಂಡಿದ್ದರು.

ಆ ಸಂಜೆ ಲ್ಯಾಬು ಮುಚ್ಚುವ ಮುಂಚೆ ನಾನು ಓದಿದೆ. ವಿಷಯ ಅಂದುಕೊಂಡಷ್ಟು ಕಷ್ಟದ್ದಲ್ಲ. ಒಂದು ಷೇರಿನ ಬೆಲೆಯನ್ನು, ಆ ಒಂದು ಷೇರಿನ ಪಾಲಿಗೆ ವರ್ಷಕ್ಕೆ ಬರುವ ಲಾಭದಿಂದ ಭಾಗಿಸಬೇಕು. ಬರುವ ಉತ್ತರವೇ ಪಿ.ಇ. ಅಂದರೆ ಆ ಕಂಪನಿಯ ಒಂದು ರೂಪಾಯಿ ಲಾಭಕ್ಕೆ ಜನ ಎಷ್ಟು ರೂಪಾಯಿ ಕೊಡಲು ತಯಾರಿದ್ದಾರೆ ಎಂಬುದು. ಓದುತ್ತಿದ್ದಂತೆ ನನಗೆ ನಮ್ಮದೇ ಒಂದು ಪರೀಕ್ಷೆ ನೆನಪಾಯಿತು. ರಕ್ತದಲ್ಲಿರುವ ಎರಡು ಬಗೆಯ ಪ್ರೋಟೀನುಗಳ ಅನುಪಾತವನ್ನು ನಾವು ವರದಿಯಲ್ಲಿ ಬರೆದುಕೊಡುತ್ತೇವೆ. ಆ ಅಂಕಿ ಬದಲಾದರೆ ಡಾಕ್ಟರು ಅಂಕಿಯನ್ನೇ ನೋಡುತ್ತ ಕೂರುವುದಿಲ್ಲ. ಮೇಲಿನದು ಬದಲಾಯಿತೋ, ಕೆಳಗಿನದೋ ಎಂದು ನೋಡುತ್ತಾರೆ.

ಮಾವನ ಕಂಪನಿಯನ್ನೂ ಹಾಗೇ ನೋಡಿದೆ. ಹೋದ ವರ್ಷ ಷೇರಿನ ಬೆಲೆ ನಾನೂರ ಐವತ್ತು, ಒಂದು ಷೇರಿನ ಪಾಲಿನ ಲಾಭ ನಲವತ್ತೈದು. ಭಾಗಿಸಿದರೆ ಹತ್ತು. ಈ ವರ್ಷ ಬೆಲೆ ಮುನ್ನೂರ ಅರವತ್ತು, ಲಾಭ ಬರೀ ಒಂಬತ್ತು. ಭಾಗಿಸಿದರೆ ನಲವತ್ತು. ಆ್ಯಪ್ ಕೆಟ್ಟಿರಲಿಲ್ಲ.

ಬೆಳಿಗ್ಗೆ ಫೋನು ಮಾಡಿದೆ. "ಮಾವಾ, ಬೆಲೆ ಐದರಾಗೆ ಒಂದು ಭಾಗ ಇಳಿದೈತೆ. ಲಾಭ ಐದರಾಗೆ ಒಂದೇ ಭಾಗ ಉಳಿದೈತೆ. ಬೆಲೆಗಿಂತ ಲಾಭನೇ ಜೋರಾಗಿ ಬಿದ್ದೈತೆ. ಅದಕ್ಕೇ ನಂಬರ್ ಏರೈತೆ."

ಆ ಕಡೆ ನೀರು ಕುದಿಯುವ ಸದ್ದು. ಆಮೇಲೆ, "ಅಂದ್ರೆ ನಾನು ಅಗ್ಗ ಆಯ್ತು ಅಂತ ಖುಷಿ ಪಡೋ ಹಂಗಿಲ್ಲ" ಎಂದರು.

"ಅಷ್ಟೇ ಅಲ್ಲ. ಅದರ ಹಿಂದಿನ ವರ್ಷದ ಲಾಭ ಇಪ್ಪತ್ತು ಐತೆ. ಇಪ್ಪತ್ತರಿಂದ ಒಮ್ಮೆಗೇ ನಲವತ್ತೈದು, ಅಲ್ಲಿಂದ ಒಂಬತ್ತು. ನನಗೆ ಇಂಥ ರಿಪೋರ್ಟ್ ಬಂದ್ರೆ ನಡುವಿನ ಸ್ಯಾಂಪಲ್ ಮೇಲೇ ಅನುಮಾನ ಬರುತ್ತೆ, ಇನ್ನೊಂದು ಸಲ ರಕ್ತ ತೆಗೀತೀನಿ. ಆ ವರ್ಷ ಅಷ್ಟು ಬಣ್ಣ ಮಾರಿದ್ರಾ ಅವರು?"

"ಎಲ್ಲಿ ಮಾರಿದ್ರು? ಆ ವರ್ಷ ಡಬ್ಬಿನೇ ಸಿಗ್ಲಿಲ್ಲ. ಬಳ್ಳಾರಿ ಅಂಗಡಿಗೆ ಎರಡು ಸಲ ಹೋಗಿ ಬರಿಗೈಲಿ ಬಂದೆ." ಅಷ್ಟು ಹೇಳಿ ತಟ್ಟನೆ ನಿಲ್ಲಿಸಿದರು. "ತಡಿ ತಡಿ. ಆಮೇಲೆ ಬಂದ ಡಬ್ಬಿ ಮೇಲೆ ಬೇರೆ ಊರಿನ ವಿಳಾಸ ಇತ್ತು. ಫ್ಯಾಕ್ಟರಿ ಊರ ಹೊರಗೆ ಹೋಯ್ತು ಅಂತ ಅಂಗಡಿಯವನು ಹೇಳಿದ್ದ. ಹಳೇ ಜಾಗ ಮಾರಿರಬೇಕು."

ಕಂಪನಿಯ ವಾರ್ಷಿಕ ವರದಿ ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ನೋಡುವಂತಿತ್ತು. ವಿಷಯ ಮಾವ ಊಹಿಸಿದಂತೆಯೇ ಇತ್ತು, ಅದರಲ್ಲಿ ಗುಟ್ಟೇನೂ ಇರಲಿಲ್ಲ. ನಗರದ ನಡುವಿನ ಹಳೇ ಕಾರ್ಖಾನೆಯ ಜಾಗ ಮಾರಿದ್ದರು. ಒಂದು ಷೇರಿನ ಪಾಲಿನ ನಲವತ್ತೈದು ರೂಪಾಯಿ ಲಾಭದಲ್ಲಿ ಇಪ್ಪತ್ತೇಳು ರೂಪಾಯಿ ಆ ಜಾಗದ್ದು. ಬಣ್ಣದಿಂದ ಬಂದದ್ದು ಹದಿನೆಂಟು. ನಾನೂರ ಐವತ್ತನ್ನು ಹದಿನೆಂಟರಿಂದ ಭಾಗಿಸಿದರೆ ಇಪ್ಪತ್ತೈದು.

ಮಾವ ಹತ್ತು ಎಂದು ತಿಳಿದು ಕೊಂಡದ್ದು ನಿಜವಾಗಿ ಇಪ್ಪತ್ತೈದಾಗಿತ್ತು. ಇದನ್ನು ಅವರಿಗೆ ಹೇಳಲು ನನಗೆ ಮುಜುಗರ. ಆದರೂ ಹೇಳಿದೆ. ಬೇಸರ ಮಾಡಿಕೊಳ್ಳುತ್ತಾರೆ ಅಂದುಕೊಂಡಿದ್ದರೆ ಮಾವ ಗಟ್ಟಿಯಾಗಿ ನಕ್ಕರು.

"ಹೊಲ ಮಾರಿದ ದುಡ್ಡನ್ನ ಬೆಳೆ ದುಡ್ಡು ಅಂತ ತಿಳ್ಕೊಂಡಿದ್ದೆ ನೋಡು! ಬೆಳೆ ಆದ್ರೆ ಮುಂದಿನ ವರ್ಷನೂ ಬರುತ್ತೆ. ಹೊಲ ಎಷ್ಟು ಸಲ ಮಾರಕ್ಕಾಗುತ್ತೆ?"

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮಾವ ಮುಗಿಯಲು ಬಿಡುವವರಲ್ಲ. ಎರಡು ದಿನ ಬಿಟ್ಟು ಮತ್ತೆ ಫೋನು. "ಅಮ್ಮಾಯಿ, ಹತ್ತು ಸುಳ್ಳು ಅಂದ್ರೆ ನಲವತ್ತೂ ಸುಳ್ಳೇ ಅಲ್ವಾ? ಹೊಸ ಫ್ಯಾಕ್ಟರಿ ಸುರು ಆದ ವರ್ಷ ಖರ್ಚು ಜಾಸ್ತಿ, ಕೆಲಸ ಕಮ್ಮಿ. ಒಂಬತ್ತು ರೂಪಾಯಿ ಲಾಭ ಅನ್ನೋದೂ ಅವರ ನಿಜವಾದ ಲಾಭ ಅಲ್ಲ. ಹಂಗಾದ್ರೆ ಈ ಕಂಪನಿ ನಿಜವಾದ ಪಿ.ಇ. ಎಷ್ಟು?"

ಒಂದು ವರ್ಷ ನೋಡಿದರೆ ತಿಳಿಯುವುದಿಲ್ಲ, ಹಳೆಯದೆಲ್ಲ ನೋಡಬೇಕು ಎಂದೆ. ಹಾಗೆ ಹೇಳಿದ್ದಕ್ಕೆ ಭಾನುವಾರ ಮೊಳಕಾಲ್ಮೂರಿಗೆ ಹೋಗಬೇಕಾಯಿತು.

ತಳಕು ದಾಟಿದ ಮೇಲೆ ಬಸ್ಸಿನೊಳಗೆ ತೆಲುಗು ಮಾತು ಹೆಚ್ಚುತ್ತದೆ. ಹಾನಗಲ್ ಬರುವಷ್ಟರಲ್ಲಿ ಕಂಡಕ್ಟರ್ ಕೂಡ ಚಿಲ್ಲರೆಯನ್ನು ತೆಲುಗಿನಲ್ಲೇ ಕೇಳುತ್ತಾನೆ. ಮಾವನ ಮನೆ ಬಂಡೆಗುಡ್ಡದ ಕೆಳಗಿನ ಬೀದಿಯಲ್ಲಿದೆ. ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ತಾಮ್ರದ ಹಂಡೆಗಳು, ಬಿದಿರಿನ ಗಳಗಳ ಮೇಲೆ ತೊಟ್ಟಿಕ್ಕುವ ನೂಲಿನ ಲಡಿಗಳು. ಒಳಗಿನ ಪಡಸಾಲೆಯಲ್ಲಿ ಅತ್ತೆಯ ಕುಣಿಮಗ್ಗ. ಅತ್ತೆ ಅಂದರೆ ಮಾವನ ಹೆಂಡತಿ. ಕುಣಿಯಲ್ಲಿ ಕಾಲಿಳಿಬಿಟ್ಟು ಕೂತರೆ ಊಟದ ಹೊತ್ತಿನವರೆಗೆ ಏಳುವವರಲ್ಲ. ಆದರೆ ಅವರ ಕಿವಿ ಮಾತ್ರ ಮನೆಯ ತುಂಬ ಓಡಾಡುತ್ತಿರುತ್ತದೆ.

ಸೀರೆಯ ಅಂಚಿನ ವಿನ್ಯಾಸ ಬರೆಯುವ ಚೌಕಳಿ ಹಾಳೆಗಳನ್ನು ಮಾವ ತಂದು ನೆಲದ ಮೇಲೆ ಹಾಸಿದರು. ನಾನು ಫೋನಿನಲ್ಲಿ ಹಳೆಯ ಬೆಲೆ, ಹಳೆಯ ಲಾಭ ಹುಡುಕಿ ಭಾಗಿಸುವುದು, ಅವರು ಒಂದೊಂದು ವರ್ಷಕ್ಕೆ ಒಂದೊಂದು ಚೌಕ ತುಂಬುವುದು. ಜಾಗ ಮಾರಿದ ವರ್ಷಕ್ಕೆ ಹತ್ತರ ಬದಲು ಇಪ್ಪತ್ತೈದನ್ನೇ ತುಂಬಿದೆವು. ಅತ್ತೆ ನೀರು ಕುಡಿಯಲು ಎದ್ದವರು ಬಗ್ಗಿ ನೋಡಿ, "ಯಾವ ಅಂಚು ಇದು? ಒಂದು ಕಡೆ ತಗ್ಗು, ಒಂದು ಕಡೆ ಎತ್ತರ. ಇದನ್ನ ಯಾರು ಉಡ್ತಾರೆ?" ಎಂದರು.

ಅವರು ಹೇಳಿದ್ದು ಸರಿಯಾಗಿತ್ತು. ಹಾಳೆಯ ಎಡಗಡೆ, ಹತ್ತು ವರ್ಷದ ಹಿಂದೆ, ಪಿ.ಇ. ಹತ್ತು ಹನ್ನೊಂದರಲ್ಲೇ ಅಲುಗಾಡುತ್ತಿತ್ತು. ನಡುವೆ ನಿಧಾನವಾಗಿ ಏರಿತ್ತು. ಆಮೇಲೆ ಇಪ್ಪತ್ತು, ಇಪ್ಪತ್ತೆರಡರಲ್ಲಿ ನಿಂತುಬಿಟ್ಟಿತ್ತು. ಕಾರ್ಖಾನೆ ಬದಲಾದ ಗಲಾಟೆಯ ವರ್ಷಗಳನ್ನು ಬದಿಗಿಟ್ಟರೂ ಅದು ಹಳೆಯ ಮಟ್ಟಕ್ಕೆ ಇಳಿದೇ ಇರಲಿಲ್ಲ.

ಮಾವ ಬಹಳ ಹೊತ್ತು ಅದನ್ನೇ ನೋಡಿದರು. "ಲಾಭ ಹನ್ನೆರಡು ಇದ್ದಿದ್ದು ಇಪ್ಪತ್ತಾಯ್ತು. ಒಂದೂಮುಕ್ಕಾಲು ಪಟ್ಟೂ ಆಗ್ಲಿಲ್ಲ. ಬೆಲೆ ಮಾತ್ರ ಮೂರು ಪಟ್ಟು. ಅವತ್ತು ಇವರ ಒಂದು ರೂಪಾಯಿ ಲಾಭಕ್ಕೆ ಜನ ಹತ್ತು ಹನ್ನೊಂದು ರೂಪಾಯಿ ಕೊಟ್ರು. ಆಮೇಲೆ ಅದೇ ರೂಪಾಯಿಗೆ ಇಪ್ಪತ್ತು ಕೊಟ್ರು. ರೂಪಾಯಿ ಅದೇ ರೂಪಾಯಿ. ಜನಕ್ಕೆ ಏನಾಯ್ತು?"

ಮಗ್ಗದ ಕಡೆಯಿಂದ ಅತ್ತೆಯ ದನಿ ಬಂತು. "ಬ್ಯಾಂಕಿನ ಬಡ್ಡಿ ಇಳೀತು, ಅದಾಯ್ತು."

ಇಬ್ಬರೂ ತಿರುಗಿದೆವು.

"ನಂದು ಎಫ್‌ಡಿ ಇಲ್ವಾ? ಆಗ ನೂರು ರೂಪಾಯಿಗೆ ವರ್ಷಕ್ಕೆ ಒಂಬತ್ತು ಕೊಡ್ತಿದ್ರು. ಆಮೇಲೆ ಇಳಿಸಿ ಇಳಿಸಿ ಐದಕ್ಕೆ ತಂದ್ರು. ಬ್ಯಾಂಕಿನಾಗೆ ಏನೂ ಹುಟ್ಟಲ್ಲ ಅಂತ ಜನ ಷೇರಿಗೆ ಹೋದ್ರು. ನೀವೂ ಆವಾಗ್ಲೇ ಹೋಗಿದ್ದು."

ಇಟ್ಟ ದುಡ್ಡು ಬೆಲೆ, ಬಡ್ಡಿ ಲಾಭ ಎಂದಿಟ್ಟುಕೊಂಡು ನಾನು ಲೆಕ್ಕ ಹಾಕಿದೆ. ನೂರನ್ನು ಒಂಬತ್ತರಿಂದ ಭಾಗಿಸಿದರೆ ಹನ್ನೊಂದು. ಐದರಿಂದ ಭಾಗಿಸಿದರೆ ಇಪ್ಪತ್ತು. ಹಾಳೆಯ ಎಡಗಡೆ ಇದ್ದದ್ದು ಹನ್ನೊಂದು, ಬಲಗಡೆ ಇದ್ದದ್ದು ಇಪ್ಪತ್ತು.

"ಅಯ್ಯೋ, ಎಫ್‌ಡಿಗೂ ಪಿ.ಇ. ಐತೆ!" ಮಾವ ಎದ್ದೇ ನಿಂತರು. ಅತ್ತೆಗೆ ಅದರಲ್ಲಿ ಆಶ್ಚರ್ಯಪಡುವಂಥದ್ದೇನೂ ಕಾಣಲಿಲ್ಲ. ಲಾಳಿ ಮತ್ತೆ ಓಡಿತು.

ನನಗೂ ಆ ಕ್ಷಣ ಎಲ್ಲ ಬಗೆಹರಿಯಿತು ಅನ್ನಿಸಿತ್ತು. ಆದರೆ ಊಟಕ್ಕೆ ಕೂತಾಗ ಒಂದು ಕೊಕ್ಕೆ ಕಂಡಿತು. ಬ್ಯಾಂಕಿನ ಬಡ್ಡಿ ಈಚೆಗೆ ಮತ್ತೆ ಏರಿ ಏಳರ ಹತ್ತಿರ ಬಂದಿತ್ತು. ಆ ಲೆಕ್ಕದಲ್ಲಿ ಎಫ್‌ಡಿಯ ಪಿ.ಇ. ಹದಿನಾಲ್ಕಕ್ಕೆ ಇಳಿದಿತ್ತು. ಬಡ್ಡಿಯೊಂದೇ ಕಾರಣವಾಗಿದ್ದರೆ ಕಂಪನಿಯದೂ ಅತ್ತ ಕಡೆ ಇಳಿಯಬೇಕಿತ್ತಲ್ಲ? ಇಳಿದಿರಲಿಲ್ಲ. ಅದನ್ನು ಹೇಳಿದಾಗ ಅತ್ತೆ, "ಹಂಗಾದ್ರೆ ಇನ್ನೇನೋ ಐತೆ. ಕಂಪನಿಯವರನ್ನೇ ಕೇಳ್ರಿ" ಎಂದು ಮಾವನ ತಟ್ಟೆಗೆ ಮುದ್ದೆ ಇಟ್ಟರು.

ಅತ್ತೆ ಸುಮ್ಮನೆ ಅಂದ ಮಾತು. ಮಾವ ಅದನ್ನು ಗಟ್ಟಿಯಾಗಿ ಹಿಡಿದುಕೊಂಡರು. ಕಂಪನಿಗಳ ವಾರ್ಷಿಕ ಸಭೆ ಈಗ ವಿಡಿಯೋದಲ್ಲೇ ನಡೆಯುತ್ತದೆ, ಷೇರಿದ್ದವರು ಯಾರು ಬೇಕಾದರೂ ಮೊದಲೇ ಹೆಸರು ಕೊಟ್ಟು ಮಾತಾಡಬಹುದು ಎಂದು ಅವರಿಗೆ ಗೊತ್ತಾಗಿತ್ತು. ನನ್ನಿಂದಲೇ ಹೆಸರು ಕೊಡಿಸಿದರು. ಅದಾದ ಮೇಲೆ ಸಭೆಯ ದಿನ ಬರುವವರೆಗೆ ದಿನಕ್ಕೊಂದು ರೀತಿಯಲ್ಲಿ ಪ್ರಶ್ನೆಯನ್ನು ತಿದ್ದಿ ಫೋನಿನಲ್ಲಿ ಒಪ್ಪಿಸುತ್ತಿದ್ದರು.

ಸಭೆ ಬೆಳಿಗ್ಗೆ ಹನ್ನೊಂದಕ್ಕೆ. ನಮ್ಮ ಲ್ಯಾಬಿನ ಇಂಟರ್ನೆಟ್ ಚೆನ್ನಾಗಿದೆ ಎಂದು ಮಾವ ಮೊದಲ ಬಸ್ಸಿಗೇ ಬಂದಿದ್ದರು. ಇಸ್ತ್ರಿ ಅಂಗಿ, ಹೆಗಲ ಮೇಲೆ ಅತ್ತೆ ನೇಯ್ದ ಮೆರೂನ್ ರೇಷ್ಮೆ ಶಲ್ಯ. ಹಿಂದಿನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟು ಕೂರಿಸಿದೆ. ರಕ್ತ ತಿರುಗಿಸುವ ಯಂತ್ರದ ಸದ್ದು ಜಾಸ್ತಿ ಎಂದು ಅದನ್ನು ನಿಲ್ಲಿಸಿದೆ. ಹೊರಗೆ ಕಾಯುತ್ತಿದ್ದವರಿಗೆ ರಿಪೋರ್ಟ್ ಸ್ವಲ್ಪ ತಡ ಎಂದೆ. ಮಾವನಿಗಿಂತ ಮುಂಚೆ ಮಾತಾಡಿದವರಲ್ಲಿ ಹೆಚ್ಚಿನವರು ಕಂಪನಿಯನ್ನು ಹೊಗಳಿದರು. ಒಬ್ಬರು ಹಬ್ಬಕ್ಕೆ ಷೇರುದಾರರಿಗೆ ಮಿಠಾಯಿ ಕಳಿಸಬೇಕೆಂದು ಕೇಳಿದರು. ಕಂಪನಿಯ ಅಧ್ಯಕ್ಷೆ ವಯಸ್ಸಾದ ಹೆಂಗಸು. ಎಲ್ಲರಿಗೂ ಒಂದೇ ನಗು ನಕ್ಕು ಧನ್ಯವಾದ ಹೇಳುತ್ತಿದ್ದರು.

ಮಾವನ ಸರದಿ ಬಂತು. ನೂಲಿನ ಸಾಹುಕಾರರ ಜೊತೆ ವ್ಯವಹಾರ ಮಾಡಿ ಕಲಿತ ಹಿಂದಿಯಲ್ಲಿ, ನಡುನಡುವೆ ತೆಲುಗು ಜಾರಿಕೊಳ್ಳುತ್ತ, ಅವರು ಕೇಳಿದ್ದು ಇಷ್ಟು: "ಅಮ್ಮಾ, ಹತ್ತು ವರ್ಷದ ಹಿಂದೆ ನಿಮ್ಮ ಒಂದು ರೂಪಾಯಿ ಲಾಭಕ್ಕೆ ಜನ ಹತ್ತು ಹನ್ನೊಂದು ರೂಪಾಯಿ ಕೊಡ್ತಿದ್ರು. ಈಗ ಇಪ್ಪತ್ತರ ಮೇಲೆ ಕೊಡ್ತಾರೆ. ಬ್ಯಾಂಕಿನ ಬಡ್ಡಿ ಇಳಿದಿದ್ದಕ್ಕೆ ಅಂತ ನಮ್ಮನೆಯವಳು ಹೇಳ್ತಾಳೆ. ಬಡ್ಡಿ ತಿರುಗಿ ಏರಿದ್ರೂ ಇದು ಇಳೀಲಿಲ್ಲ. ನಿಮ್ಮೊಳಗೆ ಏನು ಬದಲಾಯ್ತು?"

ಅಧ್ಯಕ್ಷೆಯ ಮುಖದ ಮೇಲಿನ ಒಂದೇ ನಗು ಮಾಯವಾಗಿ, ಆಕೆ ಮುಂದಕ್ಕೆ ಬಾಗಿದರು. ನಿಧಾನವಾಗಿ, ಮಾವನಿಗೆ ತಿಳಿಯುವ ಹಿಂದಿಯಲ್ಲಿ ಉತ್ತರ ಕೊಟ್ಟರು. "ನಿಮ್ಮ ಮನೆಯವರು ಹೇಳಿದ್ದು ಸರಿ. ಅದು ನಮ್ಮ ಕೈಯಲ್ಲಿಲ್ಲದ ಭಾಗ. ಇನ್ನೊಂದು ಭಾಗ ನಮ್ಮದು. ಮೊದಲು ನಾವು ಬಟ್ಟೆಯ ಬಣ್ಣ ಮಾಡುವವರು. ಒಂದು ವರ್ಷ ಲಾಭ ಹೆಚ್ಚು, ಒಂದು ವರ್ಷ ಕಡಿಮೆ. ಇವತ್ತಿನ ರೂಪಾಯಿ ನಾಳೆ ಬರುತ್ತೋ ಇಲ್ಲವೋ ಎಂದು ಜನಕ್ಕೆ ನಂಬಿಕೆ ಇರಲಿಲ್ಲ, ಅದಕ್ಕೇ ಕಡಿಮೆ ಕೊಡುತ್ತಿದ್ದರು. ಈಗ ನಮ್ಮ ಹೆಚ್ಚಿನ ಲಾಭ ಔಷಧದ ಮಾತ್ರೆ, ಕ್ಯಾಪ್ಸೂಲುಗಳಿಗೆ ಹಾಕುವ ಬಣ್ಣದಿಂದ ಬರುತ್ತದೆ. ಔಷಧ ಕಂಪನಿಗಳು ಒಮ್ಮೆ ಒಪ್ಪಿದರೆ ಸುಲಭಕ್ಕೆ ಬಿಡುವುದಿಲ್ಲ. ಆ ರೂಪಾಯಿ ಮುಂದಿನ ವರ್ಷವೂ ಬರುತ್ತದೆ ಎಂದು ಜನ ನಂಬುತ್ತಾರೆ. ನಂಬಿಕೆ ತಪ್ಪಿದರೆ ಮತ್ತೆ ಹತ್ತಕ್ಕೆ ಇಳಿಸುತ್ತಾರೆ."

ಅಷ್ಟು ಹೇಳಿ, "ತಾವು ಏನು ಕೆಲಸ ಮಾಡುತ್ತೀರಿ?" ಎಂದು ಕೇಳಿದರು.

ಮಾವ ಎರಡೂ ಕೈ ಎತ್ತಿ ಕ್ಯಾಮೆರಾದ ಮುಂದೆ ಹಿಡಿದರು. "ನಿಮ್ಮದೇ ಬಣ್ಣ ಅಮ್ಮಾ. ರೇಷ್ಮೆಗೆ ಹಾಕ್ತೀನಿ. ಹೊಸ ಫ್ಯಾಕ್ಟರಿ ಮೆರೂನ್ ಹಳೇದರಂಗೆ ಇಲ್ಲ, ಬಿಸಿನೀರಿಗೆ ಸ್ವಲ್ಪ ಬಿಡುತ್ತೆ."

ಆಕೆ ಪೆನ್ನೆತ್ತಿ ಏನೋ ಬರೆದುಕೊಂಡರು. ಒಬ್ಬರನ್ನು ಕಳಿಸುತ್ತೇನೆ ಎಂದರು. ಅಷ್ಟರಲ್ಲಿ ಮಾವನ ಸಮಯ ಮುಗಿದು ಮೈಕು ಬಂದಾಯಿತು. ಮಾವ ಗೊತ್ತಾಗದೆ ಇನ್ನೂ ಮೆರೂನಿನ ಬಗ್ಗೆ ಹೇಳುತ್ತಲೇ ಇದ್ದರು.

ಕಳಿಸುತ್ತೇನೆ ಎಂದದ್ದು ಸಭೆಯ ಮರ್ಯಾದೆಯ ಮಾತು ಅಂದುಕೊಂಡಿದ್ದೆ. ಆದರೆ ನಿಜವಾಗಿಯೂ ಒಬ್ಬರು ಬಂದರು. ನಡುವಯಸ್ಸಿನ ರಸಾಯನಶಾಸ್ತ್ರಜ್ಞರು, ಬಳ್ಳಾರಿಯಿಂದ ಬಾಡಿಗೆ ಕಾರಿನಲ್ಲಿ ಮೊಳಕಾಲ್ಮೂರಿಗೆ ಬಂದು ಮಾವನ ಶೆಡ್ಡಿನಲ್ಲಿ ಮಧ್ಯಾಹ್ನದವರೆಗೆ ಕಳೆದರು. ಅವತ್ತು ನಾನೂ ಹೋಗಿದ್ದೆ. ಕುತೂಹಲ ನನ್ನನ್ನೂ ಬಿಟ್ಟಿರಲಿಲ್ಲ. ಅವರು ತೋಳು ಮಡಚಿಕೊಂಡು ತಾವೇ ಲಡಿ ಅದ್ದಿದರು, ಹಂಡೆಯ ನೀರಿನ ಮಾದರಿ ತೆಗೆದುಕೊಂಡರು, ಹಳೇ ಡಬ್ಬಿಯ ಬಣ್ಣವನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಹೊಸ ಬಣ್ಣಕ್ಕೆ ಹಂಡೆಗೆ ಹಾಕುವ ಹುಳಿ, ಅಂದರೆ ಆಸಿಡ್ಡು, ಸ್ವಲ್ಪ ಹೆಚ್ಚು ಬೇಕು, ನೀರನ್ನು ಇನ್ನೂ ನಿಧಾನವಾಗಿ ಕಾಯಿಸಬೇಕು ಎಂದು ಹೇಳಿಕೊಟ್ಟರು. ಹಾಗೆ ಮಾಡಿದ ಮೇಲೆ ಬಿಡುವುದು ಕಡಿಮೆಯಾಯಿತು. ಪೂರ್ತಿ ನಿಲ್ಲಲಿಲ್ಲ.

ಊಟ ಮಾಡುವಾಗ ಅವರು ಕನ್ನಡದಲ್ಲೇ ಮಾತಾಡಿದರು, ದಾವಣಗೆರೆಯಲ್ಲಿ ಓದಿದವರಂತೆ. ಮಾವ ಸೀದಾ ಕೇಳಿದರು. "ಒಂದು ಮಾತು ನಿಜ ಹೇಳ್ರಿ. ನಮ್ಮ ರೇಷ್ಮೆ ಬಣ್ಣ ನಿಲ್ಲಿಸಿಬಿಟ್ರೆ ನಿಮ್ಮ ಲಾಭ ಎಷ್ಟು ಕಮ್ಮಿ ಆಗುತ್ತೆ?"

ಅವರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು. "ಲೆಕ್ಕದಲ್ಲಿ ಕಾಣೋದೇ ಇಲ್ಲ ಯಜಮಾನ್ರೆ" ಎಂದರು. "ಹೊಸ ಫ್ಯಾಕ್ಟರಿಯಲ್ಲಿ ಒಂದು ಮೂಲೆಯಲ್ಲಿ ಒಂದು ಸಣ್ಣ ಪಾತ್ರೆ ಇದೆ, ಅದರಲ್ಲಿ ಮಾಡ್ತೀವಿ. ಎಷ್ಟು ದಿನ ಮಾಡ್ತೀವೋ ಹೇಳೋಕಾಗಲ್ಲ."

ಅತ್ತೆ ಅವರಿಗೆ ಮಜ್ಜಿಗೆ ಬಡಿಸಿದರು. ಯಾರೂ ಕೋಪ ಮಾಡಿಕೊಳ್ಳಲಿಲ್ಲ. ಆದರೆ ಅವರು ಹೋದ ಮೇಲೆ ಮಾವ ಶೆಡ್ಡಿನ ಹೊಸ್ತಿಲಲ್ಲಿ ಕೂತರು. ನಾನು ಪಕ್ಕದಲ್ಲಿ ಕೂತೆ.

"ಅಮ್ಮಾಯಿ, ನಾವು ಹಾಳೆ ಮೇಲೆ ಬರೆದ್ವಲ್ಲ, ಅದು ಒಂದು ಕಂಪನಿದಲ್ಲ" ಎಂದರು. "ಎಡಗಡೆ ಇದ್ದ ಕಂಪನಿ ನನ್ನದು. ಬಲಗಡೆ ಇರೋದು ಬೇರೆ. ಹೆಸರೊಂದೇ. ಹಳೇ ಹತ್ತನ್ನ ಈಗಿನ ಇಪ್ಪತ್ತಕ್ಕೆ ಹೋಲಿಸಿ, ದುಬಾರಿ ಆಯ್ತು ಅಂತ ಕೂತಿದ್ವಿ. ಎಮ್ಮೆ ರೇಟನ್ನ ಕುರಿ ರೇಟಿಗೆ ಹೋಲಿಸಿದಂಗೆ."

"ಕಂಪನಿ ನನ್ನಂಥವರ ಬಣ್ಣನ ಮೂಲೆಗೆ ತಳ್ಳಿದ್ದಕ್ಕೇ ಜನ ಅದಕ್ಕೆ ಜಾಸ್ತಿ ಕೊಟ್ರು" ಎಂಬ ಮಾತನ್ನು ಅವರು ಹೇಳಲಿಲ್ಲ. ನನಗೆ ಹೊಳೆದಿತ್ತು, ಅವರಿಗೂ ಹೊಳೆದಿರಬೇಕು. ಹಂಡೆಯ ಕೆಳಗಿನ ಕೆಂಡವನ್ನು ಕೋಲಿನಿಂದ ಕೆದಕಿದರು.

ಮುಂದಿನ ವರ್ಷ ಸಣ್ಣ ಡಬ್ಬಿಗಳು ಬರುವುದು ನಿಂತಿತು. ಬಳ್ಳಾರಿಯ ಅಂಗಡಿಯವನು ಬೇರೆ ಮೂರು ಕಂಪನಿಗಳ ಮೆರೂನ್ ಕೊಟ್ಟ. ಮಾವ ಒಂದೊಂದನ್ನೂ ತುಂಡು ನೂಲಿಗೆ ಹಾಕಿ, ಕುದಿಸಿ, ಬಿಸಿಲಿಗಿಟ್ಟು, ಬಿಳಿ ಬಟ್ಟೆಯಲ್ಲಿ ಉಜ್ಜಿ ನೋಡಿದರು. ಒಂದು ಹೊಂದಿತು. ಕೆಂಪು ಸ್ವಲ್ಪ ಹೆಚ್ಚಾಯಿತು ಎಂದು ಅತ್ತೆ ತಕರಾರು ತೆಗೆದರೂ, ಅದರಲ್ಲಿ ನೇಯ್ದ ಮೊದಲ ಸೀರೆಯನ್ನು ಕೊಂಡವರು ಅದೇ ಬಣ್ಣ ಚೆನ್ನಾಗಿದೆ ಅಂದರಂತೆ.

ಅದೇ ವರ್ಷ ಕಂಪನಿಯ ಲಾಭ ಷೇರಿಗೆ ಹದಿನಾರಕ್ಕೆ ಬಂತು, ಬೆಲೆ ನಾನೂರಕ್ಕೆ. ಪಿ.ಇ. ಇಪ್ಪತ್ತೈದು. ನಾನು ಫೋನು ಮಾಡಿ, "ಮಾವಾ, ಬಣ್ಣ ನಂಬಿ ಕೊಂಡಿದ್ರಿ. ಆ ಬಣ್ಣನೇ ಈಗ ಇಲ್ಲ. ಮಾರ್ತೀರಾ?" ಎಂದು ಕೇಳಿದೆ.

"ಮಾರೋದೋ ಇಟ್ಕೊಳ್ಳೋದೋ ಅಂತ ಹೇಳಕ್ಕೆ ಈ ಹೊಸ ಕಂಪನಿ ನನಗೆ ಗೊತ್ತಿಲ್ವಲ್ಲ. ಗೊತ್ತು ಮಾಡ್ಕೊಂಡು ಹೇಳ್ತೀನಿ."

ಗೊತ್ತು ಮಾಡಿಕೊಳ್ಳುವುದು ಅಂದರೆ ಏನು ಎಂದು ಆಮೇಲೆ ತಿಳಿಯಿತು. ಈಗ ಚಳ್ಳಕೆರೆಗೆ ಬಂದರೆ ನನ್ನ ಲ್ಯಾಬಿನ ಪಕ್ಕದ ಮೆಡಿಕಲ್ ಸ್ಟೋರಿಗೂ ಹೋಗುತ್ತಾರೆ. ಅಲ್ಲಿಯ ಯಜಮಾನಿ ತಾಳ್ಮೆಯವಳು. ಅವಧಿ ಮುಗಿದ ಮಾತ್ರೆಗಳನ್ನು ಇವರಿಗೆಂದೇ ಎತ್ತಿಟ್ಟಿರುತ್ತಾಳೆ. ಮಾವ ಅವನ್ನು ನನ್ನ ಲ್ಯಾಬಿಗೆ ತಂದು ಬೆಂಚಿನ ಮೇಲೆ ಸಾಲಾಗಿಟ್ಟು, ಒಂದೊಂದನ್ನೇ ಲೋಟದ ನೀರಿಗೆ ಹಾಕಿ, ಬಣ್ಣ ಹೇಗೆ ಬಿಡುತ್ತದೆ ನೋಡುತ್ತಾರೆ. ರೇಷ್ಮೆಯಲ್ಲಿ ಬಿಡಬಾರದ ಬಣ್ಣ ಇಲ್ಲಿ ಪೂರ್ತಿ ಬಿಡಬೇಕು, ಅದೂ ಹೊಟ್ಟೆಯೊಳಗೆ ಹೋದ ಮೇಲೆ ತಕ್ಷಣ ಬಿಡಬೇಕು. ಅದು ಅವರಿಗೆ ಬಹಳ ವಿಚಿತ್ರವಾಗಿ ಕಾಣುತ್ತದೆ. ರಿಪೋರ್ಟಿಗೆ ಕಾಯುವವರು ಸುತ್ತ ನೆರೆಯುತ್ತಾರೆ.

ಈ ನಡುವೆ ಆ ಕಂಪನಿಯ ಷೇರುಗಳನ್ನು ನಾನೂ ಒಂದಿಷ್ಟು ಕೊಂಡೆ. ಮಾವನಿಗೆ ಹೇಳಿದಾಗ ಅವರು ಹುಬ್ಬೇರಿಸಿದರು.

"ಇಪ್ಪತ್ತೈದಕ್ಕೆ ಕೊಂಡ್ಯಾ? ದುಬಾರಿ ಆಯ್ತು."

"ಲಾಭ ಇಪ್ಪತ್ತಕ್ಕೆ ವಾಪಸ್ ಬಂದ್ರೆ, ನಾನು ಕೊಟ್ಟ ನಾನೂರಕ್ಕೆ ಪಿ.ಇ. ಹಳೇ ಇಪ್ಪತ್ತೇ ಆಗುತ್ತೆ ಮಾವಾ."

"ಬಂದ್ರೆ" ಎಂದರು ಮಾವ, ಲೋಟದಲ್ಲಿ ಕರಗುತ್ತಿದ್ದ ಹಸಿರು ಕ್ಯಾಪ್ಸೂಲನ್ನು ಬೆಳಕಿಗೆ ಹಿಡಿದು. "ಬರುತ್ತೆ ಅಂತ ನಿನಗೆ ಹೆಂಗೆ ಗೊತ್ತು? ಹೇಳು, ಕೇಳ್ತೀನಿ."

ನಾನು ಕುರ್ಚಿ ಎಳೆದುಕೊಂಡು ಕೂತೆ.